ಕಪ್ಪು ಕಡತದೊಳಗಿನ ನೀಹಾರಿಕೆ: ಹಿಗ್ಗಿಸುವ ಮುನ್ನ ಏನು, ಆಮೇಲೆ ಏನು?

ಪ್ರಶ್ನೆ: ನಾನು ಗಂಗಾವತಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕ. ಕಳೆದ ಜನವರಿಯ ಅಮಾವಾಸ್ಯೆಯ ಆಸುಪಾಸಿನಲ್ಲಿ ಆನೆಗೊಂದಿಯ ಹತ್ತಿರದ ಬಂಡೆಯೊಂದರ ಮೇಲೆ ಕುಳಿತು ಓರಿಯನ್ ನೀಹಾರಿಕೆಯ (ಆಕಾಶದಲ್ಲಿನ ಹೊಳೆಯುವ ಅನಿಲ, ಧೂಳಿನ ಮೋಡ) ಚಿತ್ರ ತೆಗೆದೆ. 24 ಮೆಗಾಪಿಕ್ಸೆಲ್ ಡಿಎಸ್‌ಎಲ್‌ಆರ್, 135 ಎಂಎಂ ಲೆನ್ಸ್, ಎಫ್/2.8, ಐಎಸ್‌ಒ 1600, ನಕ್ಷತ್ರಗಳ ಚಲನೆಗೆ ತಕ್ಕಂತೆ ಕ್ಯಾಮೆರಾ ತಿರುಗಿಸುವ ಸಣ್ಣ ಟ್ರ್ಯಾಕರ್. 60 ಸೆಕೆಂಡುಗಳ 120 ರಾ (ಕ್ಯಾಮೆರಾ ಸಂಸ್ಕರಿಸದ) ಚಿತ್ರಗಳು. ಡೀಪ್‌ಸ್ಕೈಸ್ಟ್ಯಾಕರ್ ತಂತ್ರಾಂಶದಲ್ಲಿ ಅವನ್ನು ಒಟ್ಟುಗೂಡಿಸಿದಾಗ ಬಹುತೇಕ ಕಪ್ಪು ಚಿತ್ರವೊಂದು ಸಿಕ್ಕಿತು. ಬೆಳಕು ಏರಿಸಿದರೆ ಒಂದು ಬದಿಯಲ್ಲಿ ಕಿತ್ತಳೆ ಮಬ್ಬು, ನಾಲ್ಕೂ ಮೂಲೆಗಳಲ್ಲಿ ಕತ್ತಲು, ಎಲ್ಲ ಕಡೆ ಹಸಿರು ಛಾಯೆ, ನೀಹಾರಿಕೆಯ ನಡುವೆ ಸುಣ್ಣದಂಥ ಬಿಳುಪು. ಪಿಕ್ಸ್‌ಇನ್‌ಸೈಟ್ ಎಂಬ ಸಂಸ್ಕರಣಾ ತಂತ್ರಾಂಶ ಕೊಳ್ಳದೆ ಇದು ಸರಿಯಾಗದು ಎಂದು ಪರಿಚಿತರು ಹೇಳುತ್ತಾರೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಇರುವುದು 8 ಜಿಬಿ ರ್‍ಯಾಮ್ ಮಾತ್ರ. ಪಾಠಗಳೆಲ್ಲ ಇಂಗ್ಲಿಷಿನಲ್ಲಿವೆ. ನಾನು ಎಲ್ಲಿಂದ ಕಲಿಯಲು ಆರಂಭಿಸಬೇಕು? ಅಲ್ಲದೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ‘ಸರ್, ಈ ಬಣ್ಣ ಅಲ್ಲಿ ಇದ್ದದ್ದೋ, ನೀವು ತುಂಬಿದ್ದೋ?’ ಎಂದು ಕೇಳಿದಳು. ಅವಳಿಗೆ ಏನು ಹೇಳಲಿ?

ಉತ್ತರ: ಮೊದಲಿಗೆ ನಿಮ್ಮ ಆತಂಕವನ್ನು ಕಳೆಯುತ್ತೇನೆ. ಆ ಕಪ್ಪು ಚಿತ್ರದಲ್ಲಿ ತಪ್ಪೇನೂ ಇಲ್ಲ. ಸ್ಟ್ಯಾಕಿಂಗ್, ಅಂದರೆ ಚಿತ್ರಗಳನ್ನು ಒಟ್ಟುಗೂಡಿಸುವುದು, ಸರಿಯಾಗಿ ನಡೆದಾಗ ಸಿಗಬೇಕಾದದ್ದೇ ಅದು. ಕ್ಯಾಮೆರಾದ ಸೆನ್ಸರ್ ಬೆಳಕನ್ನು ಎಣಿಸುವ ಸಾಧನ. ಎರಡು ಪಟ್ಟು ಬೆಳಕು ಬಿದ್ದರೆ ಅದು ಎರಡು ಪಟ್ಟು ದೊಡ್ಡ ಸಂಖ್ಯೆಯನ್ನು ಬರೆದಿಡುತ್ತದೆ. ನಮ್ಮ ಕಣ್ಣಿನ ರೀತಿ ಬೇರೆ. ಕತ್ತಲೆಯಲ್ಲಿನ ಸಣ್ಣ ವ್ಯತ್ಯಾಸವನ್ನು ಅದು ದೊಡ್ಡದು ಮಾಡಿ, ಪ್ರಖರ ಬೆಳಕಿನ ದೊಡ್ಡ ವ್ಯತ್ಯಾಸವನ್ನು ಚಿಕ್ಕದು ಮಾಡಿ ಗ್ರಹಿಸುತ್ತದೆ. 14 ಬಿಟ್‌ನ ರಾ ಕಡತದಲ್ಲಿ ಕಪ್ಪಿನಿಂದ ಬಿಳುಪಿನವರೆಗೆ 16,384 ಮೆಟ್ಟಿಲುಗಳಿರುತ್ತವೆ. ನಿಮ್ಮ ನೀಹಾರಿಕೆಯ ರೆಕ್ಕೆಗಳಂಥ ಮಸುಕು ಭಾಗಗಳೆಲ್ಲ ಆ ಏಣಿಯ ಕೆಳಗಿನ ಕೆಲವೇ ಮೆಟ್ಟಿಲುಗಳಲ್ಲಿ ಒತ್ತೊತ್ತಾಗಿ ಕುಳಿತಿವೆ. ಹಗಲಿನ ಫೋಟೋವನ್ನು ಜೆಪೆಗ್ ಮಾಡುವಾಗ ಕ್ಯಾಮೆರಾ ತಾನಾಗಿಯೇ ಆ ಮೆಟ್ಟಿಲುಗಳನ್ನು ಅಗಲಗೊಳಿಸಿ ಕೊಡುತ್ತದೆ. ಇಲ್ಲಿ ಆ ಕೆಲಸ ನಿಮ್ಮದು. ಅದಕ್ಕೆ ಈ ಕ್ಷೇತ್ರದವರು ಸ್ಟ್ರೆಚ್ ಎನ್ನುತ್ತಾರೆ. ನಾನು ಹಿಗ್ಗಿಸುವುದು ಎನ್ನುತ್ತೇನೆ. ಹಿಗ್ಗಿಸದೆ ಇರುವ ಚಿತ್ರವನ್ನು ಲೀನಿಯರ್ ಚಿತ್ರವೆಂದು ಕರೆಯುತ್ತಾರೆ.

ಈ ಕೆಲಸವನ್ನು ಕಲಿಯುವವರು ಹಿಡಿದಿಟ್ಟುಕೊಳ್ಳಬೇಕಾದ ಗಡಿ ಇದೇ. ಹಿಗ್ಗಿಸುವ ಮುನ್ನ ಮಾಡುವುದೆಲ್ಲ ಲೆಕ್ಕ. ಹಿಗ್ಗಿಸಿದ ಮೇಲೆ ಮಾಡುವುದೆಲ್ಲ ಕಣ್ಣಿನ ತೀರ್ಮಾನ. ನೀವು ಪಟ್ಟಿ ಮಾಡಿದ ನಾಲ್ಕು ದೋಷಗಳಲ್ಲಿ ಮೂರು ಲೆಕ್ಕದ ಬದಿಯಲ್ಲಿ ಪರಿಹಾರವಾಗಬೇಕಾದವು, ಆದರೆ ನೀವು ಅವನ್ನು ಗಡಿ ದಾಟಿದ ಮೇಲೆ ತಿದ್ದಲು ಹೊರಟಿದ್ದೀರಿ. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರರು ಮರದ ಗೊಂಬೆ ಮಾಡುವುದನ್ನು ನೀವು ನೋಡಿರಬಹುದು. ಮರದ ಸಂದುಗಳನ್ನು ಕಿಟ್ಟದಿಂದ ತುಂಬಿ, ಒಣಗಿಸಿ, ಉಜ್ಜಿ ನಯ ಮಾಡಿದ ಮೇಲೆಯೇ ಅವರು ಬಣ್ಣದ ಕುಂಚ ಹಿಡಿಯುತ್ತಾರೆ. ಬಣ್ಣ ಬಳಿದಾದ ಮೇಲೆ ಸಂದು ಕಂಡರೆ ಅದರ ಮೇಲೆ ಕಿಟ್ಟ ಮೆತ್ತಲು ಬರುವುದಿಲ್ಲ. ನಿಮ್ಮ ಚಿತ್ರಕ್ಕೂ ಇದೇ ನ್ಯಾಯ ಅನ್ವಯಿಸುತ್ತದೆ.

ಮೂಲೆಗಳ ಕತ್ತಲು ಮತ್ತು ಬದಿಯ ಕಿತ್ತಳೆ ಮಬ್ಬು ನೋಡಲು ಒಂದೇ ಬಗೆಯ ದೋಷದಂತೆ ಕಾಣುತ್ತವೆ. ಎರಡೂ ಚಿತ್ರದ ಒಂದು ಭಾಗವನ್ನು ಇನ್ನೊಂದಕ್ಕಿಂತ ಬೆಳಗಾಗಿ ಅಥವಾ ಮಂಕಾಗಿ ತೋರಿಸುತ್ತವೆ. ಆದರೆ ಗಣಿತದ ದೃಷ್ಟಿಯಿಂದ ಅವು ಬೇರೆ ಬೇರೆ ಜಾತಿಯವು, ಮತ್ತು ಈ ವ್ಯತ್ಯಾಸ ಅರ್ಥವಾದವರಿಗೆ ಸಂಸ್ಕರಣೆಯ ಅರ್ಧ ಭಾಗ ಅರ್ಥವಾದಂತೆಯೇ ಸರಿ. ಲೆನ್ಸು ಮೂಲೆಗಳಿಗೆ ಕಡಿಮೆ ಬೆಳಕನ್ನು ಕಳಿಸುತ್ತದೆ: ನಡುವಿನಲ್ಲಿ 100 ಪಾಲು ತಲುಪಿದರೆ ಮೂಲೆಯಲ್ಲಿ 60 ಪಾಲು ತಲುಪುತ್ತದೆ ಎಂದಿಟ್ಟುಕೊಳ್ಳಿ. ಅಲ್ಲಿನ ನಕ್ಷತ್ರ, ನೀಹಾರಿಕೆ, ಆಕಾಶದ ಮಬ್ಬು ಎಲ್ಲವೂ 0.6ರಿಂದ ಗುಣಿಸಲ್ಪಟ್ಟಿರುತ್ತವೆ. ಗುಣಿಸಿದ್ದನ್ನು ಸರಿಪಡಿಸಲು ಭಾಗಿಸಬೇಕು. ಊರಿನ ದೀಪಗಳ ಬೆಳಕು ಹಾಗಲ್ಲ; ಅದು ನೀಹಾರಿಕೆಯ ಬೆಳಕಿನ ಮೇಲೆ ಬಂದು ಸೇರಿಕೊಂಡಿರುತ್ತದೆ. ಸೇರಿದ್ದನ್ನು ಕಳೆಯಬೇಕು. ಭಾಗಿಸಬೇಕಾದ ಕಡೆ ಕಳೆದರೆ ಮೂಲೆಯ ಹಿನ್ನೆಲೆ ಮಾತ್ರ ಸಮವಾಗುತ್ತದೆ, ಅಲ್ಲಿನ ನಕ್ಷತ್ರಗಳು ಮಂಕಾಗಿಯೇ ಉಳಿಯುತ್ತವೆ. ಕಳೆಯಬೇಕಾದ ಕಡೆ ಭಾಗಿಸಿದರೆ ಮಬ್ಬು ಇದ್ದ ಬದಿಯ ನಕ್ಷತ್ರಗಳು ಅನ್ಯಾಯವಾಗಿ ಕುಂದುತ್ತವೆ.

ಯಾವುದರಿಂದ ಭಾಗಿಸಬೇಕೆಂದು ಹೇಳುವುದೇ ಫ್ಲ್ಯಾಟ್ ಚಿತ್ರದ ಕೆಲಸ. ಲೆನ್ಸಿನ ಮೇಲೆ ಬಿಳಿ ಬಟ್ಟೆಯನ್ನು ಸುಕ್ಕಿಲ್ಲದಂತೆ ಎಳೆದು ಕಟ್ಟಿ, ಮುಂಜಾನೆಯ ಸಮಬೆಳಕಿನ ಆಕಾಶದ ಕಡೆಗೆ ತಿರುಗಿಸಿ, ಫೋಕಸ್ ಮತ್ತು ಅಪರ್ಚರ್ ಎರಡನ್ನೂ ರಾತ್ರಿ ಇದ್ದಂತೆಯೇ ಬಿಟ್ಟು, ಹಿಸ್ಟೋಗ್ರಾಂನ (ಯಾವ ಬೆಳಕಿನ ಮಟ್ಟದಲ್ಲಿ ಎಷ್ಟು ಪಿಕ್ಸೆಲ್‌ಗಳಿವೆಯೆಂದು ತೋರಿಸುವ ನಕ್ಷೆ) ಗುಡ್ಡ ನಡುವಿಗೆ ಬರುವಂತೆ 25–30 ಚಿತ್ರಗಳನ್ನು ತೆಗೆದರೆ ಸಾಕು. ನಮ್ಮ ಭಾಗದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ: ಧೂಳು. ಭತ್ತದ ಕೊಯ್ಲಿನ ದಿನಗಳಲ್ಲಿ ಗಂಗಾವತಿಯ ಕಡೆಯಾಗಲಿ, ಅದಿರಿನ ಲಾರಿಗಳು ಓಡಾಡುವ ಸಂಡೂರಿನ ಕಡೆಯಾಗಲಿ ಲೆನ್ಸು ಬದಲಿಸಿದರೆ ಸೆನ್ಸರಿನ ಮೇಲೆ ಕಣಗಳು ಕೂರದೆ ಬಿಡುವುದಿಲ್ಲ. ಅವು ಹಿಗ್ಗಿಸಿದ ಚಿತ್ರದಲ್ಲಿ ಮಂಕಾದ ದುಂಡು ಕಲೆಗಳಾಗಿ ಕಾಣುತ್ತವೆ, ಮತ್ತು ಅವೂ ಗುಣಿಸಲ್ಪಟ್ಟ ದೋಷಗಳೇ ಆದ್ದರಿಂದ ಫ್ಲ್ಯಾಟ್‌ನಿಂದಲೇ ಹೋಗುತ್ತವೆ. ನೀವು ಫ್ಲ್ಯಾಟ್ ತೆಗೆದ ವಿಷಯವನ್ನು ಬರೆದಿಲ್ಲ. ಮೂಲೆಗಳು ಕತ್ತಲಾಗಿರುವುದನ್ನು ನೋಡಿದರೆ ತೆಗೆದಿಲ್ಲವೆಂದೇ ಭಾವಿಸುತ್ತೇನೆ.

ಡಾರ್ಕ್ ಚಿತ್ರದ ಮಾತು. ಲೆನ್ಸಿಗೆ ಮುಚ್ಚಳ ಹಾಕಿ ಅದೇ 60 ಸೆಕೆಂಡು, ಅದೇ ಐಎಸ್‌ಒ 1600ರಲ್ಲಿ ತೆಗೆಯುವ ಈ ಚಿತ್ರಗಳು ಸೆನ್ಸರಿನ ಶಾಖದಿಂದ ಹುಟ್ಟುವ ಸುಳ್ಳು ಬೆಳಕನ್ನು ದಾಖಲಿಸುತ್ತವೆ. ಆ ಸುಳ್ಳು ಬೆಳಕು ಸುಮಾರು 6 ಡಿಗ್ರಿ ಸೆಲ್ಸಿಯಸ್ ಏರಿಕೆಗೊಮ್ಮೆ ಇಮ್ಮಡಿಯಾಗುತ್ತದೆ. ಯುರೋಪಿನ ಚಳಿಯಲ್ಲಿ ಕುಳಿತು ಪಾಠ ಹೇಳುವವರಿಗೆ ಇದು ಸಣ್ಣ ಸಂಗತಿ. ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಹಗಲೆಲ್ಲ ಕಾದ ಬಂಡೆಯ ಮೇಲೆ ಕ್ಯಾಮೆರಾ ಇಟ್ಟವರಿಗೆ ಇದು ದೊಡ್ಡ ಸಂಗತಿ. ಕೆಲವು ವರ್ಷಗಳ ಹಿಂದೆ ಒಂದು ಮೇ ತಿಂಗಳಲ್ಲಿ ಸಂಡೂರಿನ ಗುಡ್ಡದ ಮೇಲೆ ಧನು ರಾಶಿಯ ಕ್ಷೀರಪಥವನ್ನು ಮೂರು ಗಂಟೆ ಸೆರೆಹಿಡಿದು, ಡಾರ್ಕ್ ಚಿತ್ರಗಳನ್ನು ಮಾತ್ರ ಮರುದಿನ ಮನೆಯಲ್ಲಿ ತಂಪು ಕೋಣೆಯಲ್ಲಿ ತೆಗೆದೆ. ತಾಪಮಾನ ಹೊಂದಲಿಲ್ಲ, ಕಳೆದಾದ ಮೇಲೂ ಕೆಂಪು, ನೀಲಿ ಚುಕ್ಕೆಗಳು ಚಿತ್ರದ ತುಂಬ ಉಳಿದವು, ಆ ರಾತ್ರಿಯ ದುಡಿಮೆಯ ಬಹುಭಾಗ ಹಾಳಾಯಿತು. ಅಂದಿನಿಂದ ಚಿತ್ರೀಕರಣ ಮುಗಿದ ಕೂಡಲೇ ಅದೇ ಬಂಡೆಯ ಮೇಲೆಯೇ ಮುಚ್ಚಳ ಹಾಕಿ 20 ಡಾರ್ಕ್ ತೆಗೆಯುವುದನ್ನು ತಪ್ಪಿಸಿಲ್ಲ. ಬೆಳಕೇ ಇಲ್ಲದಾಗಲೂ ಕ್ಯಾಮೆರಾ ಬರೆದಿಡುವ ಮೂಲ ಸಂಖ್ಯೆಯನ್ನು ದಾಖಲಿಸುವ ಬಯಾಸ್ ಚಿತ್ರಗಳಿಗೆ ಈ ಕಟ್ಟುಪಾಡಿಲ್ಲ. ಮುಚ್ಚಳ ಹಾಕಿ ಕ್ಯಾಮೆರಾದ ಅತಿ ಕಿರಿಯ ಎಕ್ಸ್‌ಪೋಶರ್‌ನಲ್ಲಿ ಐವತ್ತೋ ನೂರೋ ಒಮ್ಮೆ ತೆಗೆದಿಟ್ಟರೆ ಅದೇ ಐಎಸ್‌ಒಗೆ ಮತ್ತೆ ಮತ್ತೆ ಬಳಸಬಹುದು.

ಒಟ್ಟು ಲೆಕ್ಕವನ್ನು ಒಂದೇ ವಾಕ್ಯದಲ್ಲಿ ಹೇಳುವುದಾದರೆ: ಆಕಾಶದ ಚಿತ್ರದಿಂದ ಡಾರ್ಕ್ ಕಳೆದು, ಫ್ಲ್ಯಾಟ್‌ನಿಂದ ಬಯಾಸ್ ಕಳೆದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. ತಂತ್ರಾಂಶ ಯಾವುದೇ ಇರಲಿ, ಒಳಗೆ ನಡೆಯುವುದು ಇದೇ. ನಿಮ್ಮ ಎಂಟನೇ ತರಗತಿಯ ಮಕ್ಕಳಿಗೂ ಇದನ್ನು ಕಪ್ಪುಹಲಗೆಯ ಮೇಲೆ ನಾಲ್ಕು ಸಂಖ್ಯೆಗಳಿಂದ ತೋರಿಸಬಹುದು.

120 ಚಿತ್ರಗಳನ್ನು ಒಟ್ಟುಗೂಡಿಸುವುದರ ಲಾಭವೇನು ಎಂಬುದು ಮುಂದಿನ ಮಾತು. ಗವಿಮಠದ ಜಾತ್ರೆಯ ಗದ್ದಲದಲ್ಲಿ ದೂರದಿಂದ ಯಾರೋ ನಿಮ್ಮ ಹೆಸರು ಹಿಡಿದು ಒಮ್ಮೆ ಕರೆದರೆ ಕೇಳಿಸುವುದಿಲ್ಲ. ಹತ್ತಾರು ಬಾರಿ ಕರೆದರೆ ಕಿವಿ ಅದನ್ನು ಹೆಕ್ಕಿಕೊಳ್ಳುತ್ತದೆ. ಏಕೆಂದರೆ ಹೆಸರು ಪ್ರತಿ ಸಲವೂ ಅದೇ, ಗದ್ದಲ ಪ್ರತಿ ಸಲವೂ ಬೇರೆ. ನೀಹಾರಿಕೆಯ ಬೆಳಕು ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಬೀಳುತ್ತದೆ, ನಾಯ್ಸ್ ಮಾತ್ರ ಅತ್ತಿತ್ತ ಓಲಾಡುತ್ತದೆ. ಸರಾಸರಿ ತೆಗೆದಾಗ ಗುಣಮಟ್ಟ ಚಿತ್ರಗಳ ಸಂಖ್ಯೆಯ ವರ್ಗಮೂಲದಷ್ಟು ಸುಧಾರಿಸುತ್ತದೆ: 120 ಚಿತ್ರಗಳಿಗೆ ಸುಮಾರು 11 ಪಟ್ಟು. ಇದನ್ನು ಇನ್ನೂ ಇಮ್ಮಡಿಗೊಳಿಸಬೇಕಾದರೆ 480 ಚಿತ್ರಗಳು, ಅಂದರೆ ಈಗಿನ ಎರಡು ಗಂಟೆಯ ಬದಲು ಎಂಟು ಗಂಟೆಯ ಬೆಳಕು ಬೇಕು. ತಂತ್ರಾಂಶಕ್ಕೆ ಹಣ ಕೊಡುವ ಮುನ್ನ ಇನ್ನೂ ಮೂರು ರಾತ್ರಿ ಆನೆಗೊಂದಿಗೆ ಹೋಗಿಬನ್ನಿ ಎಂದು ನಾನು ಹೇಳುವುದು ಈ ಲೆಕ್ಕದ ಬಲದಿಂದ. ಸರಾಸರಿಯ ಜೊತೆ ಸಿಗ್ಮಾ ಕ್ಲಿಪಿಂಗ್ ಎಂಬ ಆಯ್ಕೆಯನ್ನೂ ಬಳಸಿರಿ. ಒಂದೇ ಪಿಕ್ಸೆಲ್‌ನ 120 ಬೆಲೆಗಳಲ್ಲಿ ಒಂದೆರಡು ಮಾತ್ರ ಉಳಿದವುಗಳಿಂದ ಬಹಳ ದೂರವಿದ್ದರೆ ಅವನ್ನು ಅದು ಕೈಬಿಡುತ್ತದೆ; ವಿಮಾನ, ಉಪಗ್ರಹಗಳ ಗೆರೆಗಳು ಅಳಿದುಹೋಗುವುದು ಹೀಗೆ.

ಇನ್ನು ತಂತ್ರಾಂಶ. ನನ್ನ ಸ್ಪಷ್ಟ ಸಲಹೆ ಸಿರಿಲ್. ಅದು ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಡೀಪ್‌ಸ್ಕೈಸ್ಟ್ಯಾಕರ್ ಕೂಡ ಉಚಿತವೇ ಮತ್ತು ಒಳ್ಳೆಯದೇ, ಆದರೆ ಅದರ ಕೆಲಸ ಮುಖ್ಯವಾಗಿ ಸ್ಟ್ಯಾಕಿಂಗ್‌ಗೆ ಸೀಮಿತ. ಸಿರಿಲ್‌ನಲ್ಲಿ ಸ್ಟ್ಯಾಕಿಂಗ್‌ನಿಂದ ಹಿಗ್ಗಿಸುವವರೆಗಿನ ಎಲ್ಲವೂ ಒಂದೇ ಸೂರಿನಡಿ ಇದೆ. ಲೈಟ್ಸ್, ಡಾರ್ಕ್ಸ್, ಫ್ಲ್ಯಾಟ್ಸ್, ಬಯಾಸಸ್ ಎಂಬ ಹೆಸರಿನ ನಾಲ್ಕು ಫೋಲ್ಡರ್‌ಗಳಲ್ಲಿ ಚಿತ್ರಗಳನ್ನು ಬೇರ್ಪಡಿಸಿಟ್ಟರೆ ಅದರ ಸಿದ್ಧ ಸ್ಕ್ರಿಪ್ಟ್ ಮೊದಲ ಹಂತವನ್ನು ತಾನೇ ಮುಗಿಸಿಕೊಡುತ್ತದೆ. ಫ್ಲ್ಯಾಟ್ ಇಲ್ಲದವರಿಗೂ ಪ್ರತ್ಯೇಕ ಸ್ಕ್ರಿಪ್ಟ್ ಇದೆ. 8 ಜಿಬಿ ರ್‍ಯಾಮ್ ಸಾಕು, ನಿಧಾನವಾದರೂ ಕೆಲಸ ಆಗುತ್ತದೆ. ಕೊರತೆ ಬೀಳುವುದು ಡಿಸ್ಕಿನಲ್ಲಿ. 24 ಮೆಗಾಪಿಕ್ಸೆಲ್‌ನ ಬಣ್ಣದ ಚಿತ್ರವೊಂದು 32 ಬಿಟ್‌ನಲ್ಲಿ ಸುಮಾರು 288 ಎಂಬಿ ತಿನ್ನುತ್ತದೆ. 120 ಚಿತ್ರಗಳಿಗೆ 35 ಜಿಬಿ. ಶುದ್ಧಗೊಳಿಸಿದ ಒಂದು ಸರಣಿ, ನಕ್ಷತ್ರಗಳಿಗೆ ಹೊಂದಿಸಿದ ಇನ್ನೊಂದು ಸರಣಿ ಸೇರಿ 70 ಜಿಬಿ. ಆದ್ದರಿಂದ 100 ಜಿಬಿ ಖಾಲಿ ಜಾಗವನ್ನು ಮೊದಲೇ ಮಾಡಿಕೊಳ್ಳಿ, ಸ್ಟ್ಯಾಕಿಂಗ್ ಮುಗಿದ ಮೇಲೆ ಆ ನಡುವಿನ ಕಡತಗಳನ್ನು ಅಳಿಸಿಬಿಡಿ. ರಾ ಕಡತಗಳನ್ನು ಮಾತ್ರ ಎಂದೂ ಅಳಿಸಬೇಡಿ.

ಸ್ಟ್ಯಾಕ್ ಆದ ಚಿತ್ರವನ್ನು ಸಿರಿಲ್‌ನಲ್ಲಿ ತೆರೆದಾಗ ಕೆಳಗಿನ ಪಟ್ಟಿಯಲ್ಲಿ ಆಟೋಸ್ಟ್ರೆಚ್ ಎಂಬ ನೋಟದ ಆಯ್ಕೆ ಇರುತ್ತದೆ. ಅದನ್ನು ಆರಿಸಿದರೆ ನೀಹಾರಿಕೆ ತಟ್ಟನೆ ಪರದೆಯ ಮೇಲೆ ಮೂಡುತ್ತದೆ. ಇದು ಕನ್ನಡಕ ಹಾಕಿಕೊಂಡು ನೋಡಿದಂತೆ. ಒಳಗಿನ ಸಂಖ್ಯೆಗಳು ಬದಲಾಗಿರುವುದಿಲ್ಲ. ಹೊಸಬರು ಎಡವುವುದು ಇಲ್ಲಿಯೇ, ಚಿತ್ರ ಸಿದ್ಧವಾಯಿತೆಂದು ಉಳಿಸಿಕೊಂಡು ಬೇರೆಡೆ ತೆರೆದು ಮತ್ತೆ ಕಪ್ಪು ಕಂಡು ಗಾಬರಿಯಾಗುತ್ತಾರೆ. ಈ ಕನ್ನಡಕದ ನೋಟದಲ್ಲೇ ಮೊದಲು ಅಂಚುಗಳನ್ನು ಕತ್ತರಿಸಿ, ಏಕೆಂದರೆ ಚಿತ್ರಗಳು ಪೂರ್ತಿ ಒಂದರ ಮೇಲೊಂದು ಕೂರದ ಅಂಚಿನ ಪಟ್ಟಿ ಮುಂದಿನ ಲೆಕ್ಕವನ್ನು ದಾರಿ ತಪ್ಪಿಸುತ್ತದೆ. ಅನಂತರ ಹಿನ್ನೆಲೆ ತೆಗೆಯುವ ಕೆಲಸ.

ಆನೆಗೊಂದಿಯಿಂದ ನೋಡಿದರೆ ಉತ್ತರಕ್ಕೆ ಗಂಗಾವತಿ, ನೈರುತ್ಯಕ್ಕೆ ಹೊಸಪೇಟೆ, ಆಗ್ನೇಯಕ್ಕೆ ತೋರಣಗಲ್ಲು. ಮೂರು ಕಡೆಯಿಂದಲೂ ದಿಗಂತದಲ್ಲಿ ಬೆಳಕಿನ ಗುಮ್ಮಟಗಳು ಏಳುತ್ತವೆ. ಇದರಲ್ಲಿ ಒಂದು ಸೂಕ್ಷ್ಮವಿದೆ. ಟ್ರ್ಯಾಕರ್ ನಕ್ಷತ್ರಗಳನ್ನು ಹಿಂಬಾಲಿಸುತ್ತದೆ, ಊರುಗಳು ನಿಂತಲ್ಲೇ ಇರುತ್ತವೆ. ಆದ್ದರಿಂದ ಎರಡು ಗಂಟೆಗಳ ಅವಧಿಯಲ್ಲಿ ಚಿತ್ರದ ಚೌಕಟ್ಟಿನೊಳಗೆ ಮಬ್ಬಿನ ದಿಕ್ಕು ನಿಧಾನವಾಗಿ ತಿರುಗುತ್ತದೆ. 120 ದಿಕ್ಕುಗಳ ಮಬ್ಬುಗಳು ಒಟ್ಟುಗೂಡಿದಾಗ ಅದರ ಆಕಾರ ಜಟಿಲವಾಗಿ, ಒಂದೇ ಬಾರಿಗೆ ಕಳೆಯುವುದು ಕಷ್ಟವಾಗುತ್ತದೆ. ಪ್ರತಿ ಬಿಡಿ ಚಿತ್ರದಲ್ಲಿ ಅದು ಬಹುಮಟ್ಟಿಗೆ ಓರೆಯಾದ ಸಮತಲ ಮಾತ್ರ. ಹೀಗಾಗಿ ಸ್ಟ್ಯಾಕ್ ಮಾಡುವ ಮುನ್ನವೇ ಪ್ರತಿ ಚಿತ್ರದಿಂದಲೂ ಒಂದನೇ ಘಾತದ ಬಹುಪದಿಯನ್ನು, ಅಂದರೆ ಅಂಥ ಓರೆ ಸಮತಲವನ್ನು, ಕಳೆಯುವಂತೆ ಸಿರಿಲ್‌ಗೆ ಹೇಳಿದರೆ ಫಲಿತಾಂಶ ಎಷ್ಟೋ ಹಸನಾಗುತ್ತದೆ. ಸ್ಟ್ಯಾಕ್ ಆದ ಮೇಲೆ ಉಳಿದ ಅಲ್ಪಸ್ವಲ್ಪವನ್ನು ಇನ್ನೊಮ್ಮೆ ಕಳೆಯಬಹುದು. ಈ ಬಾರಿ ನಿಮ್ಮ ಬಳಿ ಫ್ಲ್ಯಾಟ್ ಇಲ್ಲವಾದ್ದರಿಂದ ಒಮ್ಮೆ ಭಾಗಿಸುವ ಆಯ್ಕೆಯನ್ನು, ಆಮೇಲೆ ಕಳೆಯುವ ಆಯ್ಕೆಯನ್ನು ಪ್ರಯತ್ನಿಸಿ. ಅದು ಅಂದಾಜಿನ ಪರಿಹಾರವೇ ಹೊರತು ಫ್ಲ್ಯಾಟ್‌ಗೆ ಸಮನಾಗದು. ಗ್ರಾಎಕ್ಸ್‌ಪರ್ಟ್ ಎಂಬ ಇನ್ನೊಂದು ಉಚಿತ ತಂತ್ರಾಂಶವೂ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ.

ಹಿನ್ನೆಲೆ ಅಳೆಯಲು ತಂತ್ರಾಂಶ ಚಿತ್ರದ ಮೇಲೆ ಚಿಕ್ಕ ಚೌಕಗಳನ್ನು ಹರಡುತ್ತದೆ. ನೀಹಾರಿಕೆಯ ಮೇಲೆ ಬಿದ್ದ ಚೌಕಗಳನ್ನು ಕೈಯಾರೆ ತೆಗೆಯಿರಿ. ಓರಿಯನ್ ಪ್ರದೇಶದಲ್ಲಿ ಇದು ಸುಲಭವಲ್ಲ, ಏಕೆಂದರೆ ಅಲ್ಲಿ ಖಾಲಿ ಆಕಾಶವೆಂಬುದೇ ವಿರಳ. ಬಹುತೇಕ ಎಲ್ಲೆಡೆ ತೆಳುವಾದ ಧೂಳಿನ ಮೋಡ ಹರಡಿಕೊಂಡಿದೆ. ಚೌಕಗಳು ಹೆಚ್ಚಾದಷ್ಟೂ ಆ ನಿಜವಾದ ಧೂಳನ್ನೇ ದೀಪದ ಮಬ್ಬೆಂದು ತಿಳಿದು ತಂತ್ರಾಂಶ ಅಳಿಸಿಬಿಡುತ್ತದೆ. ಕಡಿಮೆ ಚೌಕಗಳು, ಸರಳ ಆಕಾರ. ಅನುಮಾನ ಬಂದಲ್ಲಿ ಮಬ್ಬನ್ನು ಸ್ವಲ್ಪ ಉಳಿಸುವುದೇ ಲೇಸು.

ಹಸಿರು ಛಾಯೆಗೆ ಕಾರಣ ಸರಳ.  ಸೆನ್ಸರಿನ ಸಂವೇದನೆ ಕೆಂಪು, ನೀಲಿಗಿಂತ ಹಸಿರಿಗೆ ಹೆಚ್ಚು. ಹಗಲಿನ ಫೋಟೋದಲ್ಲಿ ಕ್ಯಾಮೆರಾ ಇದನ್ನು ತಾನೇ ಸರಿದೂಗಿಸುತ್ತದೆ; ಇಲ್ಲಿ ಸರಿದೂಗಿಸಲು ನಕ್ಷತ್ರಗಳನ್ನೇ ಸಾಕ್ಷಿಯಾಗಿ ಕರೆಯಬಹುದು. 135 ಎಂಎಂ ಮತ್ತು ನಿಮ್ಮ ಕ್ಯಾಮೆರಾದ ಪಿಕ್ಸೆಲ್ ಅಳತೆಯನ್ನು ಕೊಟ್ಟರೆ ಸಿರಿಲ್ ಚಿತ್ರದಲ್ಲಿರುವುದು ಆಕಾಶದ ಯಾವ ಭಾಗವೆಂದು ಗುರುತಿಸುತ್ತದೆ, ಆ ನಕ್ಷತ್ರಗಳಿಗೆ ಖಗೋಳ ಪಟ್ಟಿಗಳಲ್ಲಿ ದಾಖಲಾದ ಬಣ್ಣವನ್ನು ಇಂಟರ್ನೆಟ್ಟಿನಿಂದ ತಂದು ನಿಮ್ಮ ಚಿತ್ರದ ಬಣ್ಣಕ್ಕೆ ಹೋಲಿಸಿ ಮೂರೂ ಬಣ್ಣಗಳ ತೂಕವನ್ನು ಹೊಂದಿಸುತ್ತದೆ. ಇದಕ್ಕೆ ಫೋಟೋಮೆಟ್ರಿಕ್ ಕಲರ್ ಕ್ಯಾಲಿಬ್ರೇಶನ್ ಎಂದು ಹೆಸರು. ಇದಾದ ಮೇಲೆ ಓರಿಯನ್‌ನ ಸೊಂಟಪಟ್ಟಿಯ ಮೂರು ನಕ್ಷತ್ರಗಳು ನಿಮ್ಮ ಚೌಕಟ್ಟಿನೊಳಗೆ ಇದ್ದರೆ ಗಮನಿಸಿ. ಅವು ನೀಲಿ ಮಿಶ್ರಿತ ಬಿಳುಪಾಗಿ ಕಾಣಬೇಕು. ಹಳದಿಯಾಗಿ ಕಂಡರೆ ಎಲ್ಲೋ ತಪ್ಪಾಗಿದೆ. ಉಳಿದ ಹಸಿರನ್ನು ತೆಗೆಯಲು ಪ್ರತ್ಯೇಕ ಉಪಕರಣವಿದೆ, ಆದರೆ ಓರಿಯನ್ ನೀಹಾರಿಕೆಯ ಒಳಭಾಗದಲ್ಲಿ ಆಮ್ಲಜನಕದ ಹಸಿರು-ನೀಲಿ ಬೆಳಕು ನಿಜವಾಗಿಯೂ ಇರುವುದರಿಂದ ಅದನ್ನು ಹಗುರ ಕೈಯಿಂದ ಬಳಸಿ.

ಈಗ ಗಡಿ ದಾಟುವ ಹೊತ್ತು. ಹಿಗ್ಗಿಸುವುದನ್ನು ಒಂದೇ ಏಟಿಗೆ ಮಾಡಬೇಡಿ. ಸಿರಿಲ್‌ನಲ್ಲಿರುವ ಆಸಿನ್ಹ್ ವಿಧಾನ ನಕ್ಷತ್ರಗಳ ಬಣ್ಣವನ್ನು ಉಳಿಸಿಕೊಂಡು ಮೊದಲ ಏರಿಕೆ ಕೊಡುತ್ತದೆ. ಅನಂತರ ಜನರಲೈಸ್ಡ್ ಹೈಪರ್‌ಬಾಲಿಕ್ ಸ್ಟ್ರೆಚ್‌ನಲ್ಲಿ ಯಾವ ಮಟ್ಟದ ಬೆಳಕಿಗೆ ಹೆಚ್ಚು ವ್ಯತ್ಯಾಸ ಸಿಗಬೇಕೆಂದು ನೀವೇ ಆರಿಸಿ ಮೂರು ನಾಲ್ಕು ಸಣ್ಣ ಹೆಜ್ಜೆಗಳಲ್ಲಿ ಏರಿಸಬಹುದು. ಪ್ರತಿ ಹೆಜ್ಜೆಯಲ್ಲೂ ಹಿಸ್ಟೋಗ್ರಾಂನ ಎಡಗೋಡೆಯ ಮೇಲೆ ಕಣ್ಣಿರಲಿ. ಆಕಾಶ ಕಾಡಿಗೆಯಂತೆ ಕಪ್ಪಾಗಬೇಕೆಂಬ ಆಸೆಯಿಂದ ಕಪ್ಪು ಬಿಂದುವನ್ನು (ಶುದ್ಧ ಕಪ್ಪೆಂದು ಎಣಿಸುವ ಮಟ್ಟ) ಬಲಕ್ಕೆ ಎಳೆದರೆ, ಎರಡು ಗಂಟೆ ಕಾದು ಗಳಿಸಿದ ಮಸುಕು ಧೂಳೆಲ್ಲ ಆ ಗೋಡೆಗೆ ಬಡಿದು ಸೊನ್ನೆಯಾಗುತ್ತದೆ. ಹಿನ್ನೆಲೆ 255ರ ಅಳತೆಯಲ್ಲಿ 25ರಿಂದ 30ರ ಆಸುಪಾಸಿನ ಗಾಢ ಬೂದು ಇರಲಿ. ರಾತ್ರಿ ಹನ್ನೆರಡರ ತನಕ ಕೂತು ಮಾಡಿದ ಬಣ್ಣವನ್ನು ಮರುದಿನ ಹಗಲು ಬೆಳಕಿನಲ್ಲಿ ನೋಡದೆ ಅಂತಿಮವೆನ್ನಬೇಡಿ. ದಣಿದ ಕಣ್ಣು ಯಾವಾಗಲೂ ಬಣ್ಣವನ್ನು ಹೆಚ್ಚು ಕೇಳುತ್ತದೆ.

ನಡುವಿನ ಸುಣ್ಣದಂಥ ಬಿಳುಪು ನಿಮ್ಮ ನಾಲ್ಕನೆಯ ದೋಷ. ಅದಕ್ಕೆ ಎರಡು ಕಾರಣಗಳಿರಬಹುದು, ಮತ್ತು ಯಾವುದೆಂದು ತಿಳಿಯಲು ಒಂದು ಬಿಡಿ ರಾ ಚಿತ್ರವನ್ನು ತೆರೆದು ನೀಹಾರಿಕೆಯ ಎದೆಯ ಮೇಲೆ ಬಾಣವನ್ನಿಟ್ಟು ಸಂಖ್ಯೆಯನ್ನು ಓದಬೇಕು. ಅಲ್ಲಿ ಪಿಕ್ಸೆಲ್‌ಗಳೆಲ್ಲ ಗರಿಷ್ಠ ಬೆಲೆಗೆ ಮುಟ್ಟಿ ಒಂದೇ ಸಮನಾಗಿದ್ದರೆ ಸೆನ್ಸರ್ ತುಂಬಿ ತುಳುಕಿದೆ. ಆ ಮಾಹಿತಿಯನ್ನು ಎಷ್ಟು ದುಬಾರಿ ತಂತ್ರಾಂಶವೂ ಮರಳಿ ತರಲಾರದು. ಗರಿಷ್ಠಕ್ಕಿಂತ ಕೆಳಗೆ ಏರುಪೇರು ಕಂಡರೆ ನೀವು ಹಿಗ್ಗಿಸುವಾಗ ಅವಸರ ಮಾಡಿದ್ದೀರಿ ಎಂದರ್ಥ. ಎಫ್/2.8, ಐಎಸ್‌ಒ 1600, 60 ಸೆಕೆಂಡು ಎಂದಾಗ ಮೊದಲನೆಯದೇ ಆಗಿರುವ ಸಂಭವ ಹೆಚ್ಚು. ಮುಂದಿನ ಸಲ 5 ಸೆಕೆಂಡುಗಳ 30 ಚಿತ್ರಗಳನ್ನೂ ತೆಗೆದು ಬೇರೆಯಾಗಿ ಸ್ಟ್ಯಾಕ್ ಮಾಡಿ, ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಎರಡನ್ನೂ ಒಂದರ ಮೇಲೊಂದಿಟ್ಟು ಮಾಸ್ಕ್ (ಆರಿಸಿದ ಭಾಗವನ್ನಷ್ಟೇ ತೋರಿಸುವ ಮರೆ) ಮೂಲಕ ಒಳಭಾಗವನ್ನು ಮಾತ್ರ ಕಿರಿಯ ಎಕ್ಸ್‌ಪೋಶರ್‌ನಿಂದ ತನ್ನಿ. ಗಿಂಪ್ 2018ರಲ್ಲಿ ಬಂದ 2.10ನೇ ಆವೃತ್ತಿಯಿಂದ 32 ಬಿಟ್ ಚಿತ್ರಗಳನ್ನು ನಿಭಾಯಿಸುತ್ತದೆ. ಅದಕ್ಕಿಂತ ಹಳೆಯದಿದ್ದರೆ ಬದಲಿಸಿಕೊಳ್ಳಿ. ಪ್ರಾಮಾಣಿಕವಾಗಿ ಹೇಳುವುದಾದರೆ ಓರಿಯನ್ ನೀಹಾರಿಕೆ ಸೆರೆಹಿಡಿಯಲು ಸುಲಭ, ಸಂಸ್ಕರಿಸಲು ಕಠಿಣ.

ಕಲಿಕೆಗೆ ಇದಕ್ಕಿಂತ ಸೌಮ್ಯವಾದ ಗುರು ಒಮೇಗಾ ಸೆಂಟಾರಿ ಎಂಬ ಗೋಳಗುಚ್ಛ, ಅಂದರೆ ನಕ್ಷತ್ರಗಳ ದುಂಡು ಗುಂಪು. ಕೊಪ್ಪಳದ ಅಕ್ಷಾಂಶ ಸುಮಾರು 15 ಡಿಗ್ರಿ ಇರುವುದರಿಂದ ಏಪ್ರಿಲ್, ಮೇ ತಿಂಗಳ ರಾತ್ರಿಗಳಲ್ಲಿ ಅದು ದಕ್ಷಿಣ ದಿಗಂತದಿಂದ 27 ಡಿಗ್ರಿ ಮೇಲೇರುತ್ತದೆ. ಇಂಗ್ಲೆಂಡಿನವರಿಗೆ ಅದು ಕಾಣುವುದೇ ಇಲ್ಲ. ಬರಿಯ ನಕ್ಷತ್ರಗಳಿರುವ ಚಿತ್ರದಲ್ಲಿ ಹಿನ್ನೆಲೆ ಯಾವುದು, ವಸ್ತು ಯಾವುದು ಎಂಬ ಗೊಂದಲವಿರುವುದಿಲ್ಲ. ನಮ್ಮ ಅಕ್ಷಾಂಶದ ತೊಂದರೆಯನ್ನೂ ಹೇಳಿಬಿಡುತ್ತೇನೆ: ಧ್ರುವ ನಕ್ಷತ್ರ ಕೇವಲ 15 ಡಿಗ್ರಿ ಎತ್ತರದಲ್ಲಿದ್ದು ಆನೆಗೊಂದಿಯ ಬಂಡೆಗಳ ಹಿಂದೆಯೋ ದಿಗಂತದ ಧೂಳಿನಲ್ಲೋ ಮರೆಯಾಗುತ್ತದೆ. ಟ್ರ್ಯಾಕರ್ ಹೂಡುವ ಮುನ್ನ ಉತ್ತರ ದಿಕ್ಕು ಬಯಲಾಗಿರುವ ಬಂಡೆಯನ್ನು ಹಗಲಿನಲ್ಲೇ ಗೊತ್ತುಮಾಡಿಕೊಳ್ಳಿ.

ಪಿಕ್ಸ್‌ಇನ್‌ಸೈಟ್ ಕೊಳ್ಳಬೇಕೆ? ಈಗ ಬೇಡ. ಅದು ಅತ್ಯಂತ ಸಮರ್ಥ ತಂತ್ರಾಂಶ. 45 ದಿನಗಳ ಪ್ರಾಯೋಗಿಕ ಅವಕಾಶವನ್ನೂ ಕೊಡುತ್ತಾರೆ. ಆದರೆ ಆ 45 ದಿನಗಳ ಗಡಿಯಾರವನ್ನು ಈಗಲೇ ಓಡಿಸಬೇಡಿ. ಸಿರಿಲ್‌ನಲ್ಲಿ ನಾಲ್ಕೈದು ವಸ್ತುಗಳನ್ನು ಪೂರ್ತಿ ಮಾಡಿದ ಮೇಲೆ, ಇಂಥದ್ದೊಂದು ಕೆಲಸ ಇದರಲ್ಲಿ ಆಗುತ್ತಿಲ್ಲ ಎಂದು ನೀವು ಹೆಸರಿಟ್ಟು ಹೇಳಬಲ್ಲಿರಾದರೆ ಆಗ ಪ್ರಯತ್ನಿಸಿ. ನಕ್ಷತ್ರಗಳನ್ನು ಬೇರ್ಪಡಿಸುವ ಸ್ಟಾರ್‌ನೆಟ್ ಉಚಿತವಾಗಿ ಸಿಗುತ್ತದೆ, ಸಿರಿಲ್‌ನೊಡನೆ ಹೊಂದಿಕೊಳ್ಳುತ್ತದೆ. ನಕ್ಷತ್ರಗಳು ಉಬ್ಬದಂತೆ ನೀಹಾರಿಕೆಯನ್ನಷ್ಟೇ ಹಿಗ್ಗಿಸಲು ಉಪಯುಕ್ತ. ಯಂತ್ರಕಲಿಕೆಯಿಂದ ನಾಯ್ಸ್ ಅಳಿಸುವ, ಚಿತ್ರವನ್ನು ಹರಿತಗೊಳಿಸುವ ಉಪಕರಣಗಳನ್ನು ಮಾತ್ರ ನಾನು ಕಲಿಯುವವರ ಕೈಗೆ ಮೊದಲಿಗೆ ಕೊಡುವುದಿಲ್ಲ. ಮಾಹಿತಿ ಇಲ್ಲದ ಕಡೆ ಅವು ಎಳೆಗಳನ್ನು ಹೆಣೆದುಬಿಡಬಲ್ಲವು, ಮತ್ತು ಹೆಣೆದದ್ದು ಯಾವುದು, ಇದ್ದದ್ದು ಯಾವುದು ಎಂದು ಗುರುತಿಸುವ ಕಣ್ಣು ಮೊದಲು ಬಲಿಯಬೇಕು.

ಇಂಗ್ಲಿಷಿನ ಬಗ್ಗೆ: ನಿಮಗೆ ಬೇಕಾದ ಪದಗಳು ಮೂವತ್ತಕ್ಕಿಂತ ಹೆಚ್ಚಿಲ್ಲ. ಒಂದು ಪುಸ್ತಕವಿಡಿ, ಪ್ರತಿ ಗುಂಡಿಯ ಹೆಸರು, ಅದು ಸಂಖ್ಯೆಗಳಿಗೆ ಏನು ಮಾಡುತ್ತದೆಂಬುದರ ಕನ್ನಡ ವಾಕ್ಯ, ನೀವು ಕೊಟ್ಟ ಬೆಲೆ, ಬಂದ ಫಲಿತಾಂಶ ಇಷ್ಟನ್ನು ಬರೆಯಿರಿ. ಇದೇ 120 ಚಿತ್ರಗಳ ಸ್ಟ್ಯಾಕನ್ನು ವಾರಕ್ಕೊಮ್ಮೆಯಂತೆ ಐದು ಸಲ ಹಿಂದಿನ ಫಲಿತಾಂಶ ನೋಡದೆ ಮೊದಲಿನಿಂದ ಸಂಸ್ಕರಿಸಿ, ಕೊನೆಗೆ ಐದನ್ನೂ ಅಕ್ಕಪಕ್ಕ ಇಡಿ. ಐದರಲ್ಲೂ ಕಾಣುವುದು ಆಕಾಶದ್ದು. ಒಂದರಲ್ಲಿ ಮಾತ್ರ ಕಾಣುವುದು ನಿಮ್ಮ ಕೈಯದು. ಪ್ರತಿ ಹಂತದಲ್ಲೂ 32 ಬಿಟ್ ಫಿಟ್ಸ್ ಕಡತವಾಗಿ ಉಳಿಸಿ, ಗಿಂಪ್‌ಗೆ 16 ಬಿಟ್ ಟಿಫ್ ಆಗಿ ಒಯ್ಯಿರಿ, ಜೆಪೆಗ್ ಎಲ್ಲಕ್ಕಿಂತ ಕೊನೆಗೆ.

ಇನ್ನು ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ. ನೀವು ಕೇಳಿದ್ದರಲ್ಲೆಲ್ಲ ನನಗೆ ಅತಿ ಮುಖ್ಯವೆನಿಸಿದ್ದು ಅದೇ. ಬಣ್ಣ ಅಲ್ಲಿ ಇದ್ದದ್ದೇ ಎಂದು ಅವಳಿಗೆ ಧೈರ್ಯವಾಗಿ ಹೇಳಬಹುದು. ಓರಿಯನ್ ನೀಹಾರಿಕೆಯ ಕೆಂಪು 656.3 ನ್ಯಾನೋಮೀಟರ್‌ನಲ್ಲಿ ಹೈಡ್ರೋಜನ್ ಹೊಮ್ಮಿಸುವ ಬೆಳಕು, ಒಳಗಿನ ಹಸಿರು-ನೀಲಿ 500.7 ನ್ಯಾನೋಮೀಟರ್‌ನಲ್ಲಿ ಆಮ್ಲಜನಕ ಹೊಮ್ಮಿಸುವ ಬೆಳಕು. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣವನ್ನು ಗುರುತಿಸಲಾರದು, ಕ್ಯಾಮೆರಾ ಗುರುತಿಸಬಲ್ಲದು. ಸಾಮಾನ್ಯ ಡಿಎಸ್‌ಎಲ್‌ಆರ್‌ನ ಫಿಲ್ಟರ್ ಆ ಕೆಂಪಿನ ಬಹುಪಾಲನ್ನು ತಡೆದುಬಿಡುವುದರಿಂದ ನಿಮ್ಮ ಚಿತ್ರದಲ್ಲಿ ಇರುವುದು ನಿಜಕ್ಕಿಂತ ಕಡಿಮೆ ಕೆಂಪು. ಎಷ್ಟು ಗಾಢವಾಗಿ ತೋರಿಸಬೇಕೆಂಬುದು ಮಾತ್ರ ನಿಮ್ಮ ತೀರ್ಮಾನ. ಹಬಲ್ ದೂರದರ್ಶಕದ 1995ರ ಈಗಲ್ ನೀಹಾರಿಕೆಯ ಸ್ತಂಭಗಳ ಪ್ರಸಿದ್ಧ ಚಿತ್ರದ ವಿಷಯ ಬೇರೆ. ಅದರಲ್ಲಿ ಗಂಧಕದ ಬೆಳಕಿಗೆ ಕೆಂಪು, ಹೈಡ್ರೋಜನ್‌ಗೆ ಹಸಿರು, ಆಮ್ಲಜನಕಕ್ಕೆ ನೀಲಿ ಎಂದು ವಿಜ್ಞಾನಿಗಳು ಬಣ್ಣಗಳನ್ನು ಹಂಚಿಕೊಟ್ಟಿದ್ದಾರೆ, ಹಾಗೆಂದು ತಿಳಿಸಿಯೂ ಇದ್ದಾರೆ. ಅವಳಿಗೆ ಎರಡೂ ಚಿತ್ರಗಳನ್ನು ತೋರಿಸಿ ಈ ಭೇದವನ್ನು ವಿವರಿಸಿ. ಆಮೇಲೆ ನಿಮ್ಮ ಲ್ಯಾಪ್‌ಟಾಪ್‌ನ ಮುಂದೆ ಅವಳನ್ನೇ ಕೂರಿಸಿ, ಆ ಕಪ್ಪು ಕಡತವನ್ನು ತೆರೆದು, ಕೆಂಪು, ಹಸಿರು, ನೀಲಿ ಪದರಗಳನ್ನು ಒಂದೊಂದಾಗಿ ಬೇರ್ಪಡಿಸಿ, ನೀಹಾರಿಕೆಯ ಅಂಚಿನಲ್ಲಿ ಮೂರು ಸಂಖ್ಯೆಗಳನ್ನು ಓದಿಸಿ. ಹಿನ್ನೆಲೆಗಿಂತ ಕೆಂಪಿನ ಸಂಖ್ಯೆ ಎಷ್ಟು ಹೆಚ್ಚಿದೆಯೆಂದು ಯಾವ ಗುಂಡಿಯನ್ನೂ ಒತ್ತುವ ಮುನ್ನವೇ ಅವಳು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ.